ಕ್ರೈಸ್ತಮತದಲ್ಲಿ ಆತ್ಮಪ್ರೀತಿ, ಪರಪ್ರೀತಿಗಳ ವಿಚಾರ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ನಡೆದ ಉಪನ್ಯಾಸ)



ಮಹೋತ್ಸವವೆಂಬದು ಒಂದು ಸಂಸ್ಥೆಯು ತಾನು ನಡೆಸಿದ ಸೇವೆಯನ್ನು ಎಣಿಸಿ ನೋಡಿಕೊಳ್ಳುವ ಕಾಲವು. ಇಷ್ಟು ಮಂದಿಗೆ ಅನ್ನವಿಕ್ಕಿದ್ದಾಯಿತು, ಇಷ್ಟು ಮಕ್ಕಳಿಗೆ ವಿದ್ಯೆ ಹೇಳಿದ್ದಾಯಿತು ಎಂಬ ಲೆಕ್ಕವು ಇಂಥ ಸಮಯದಲ್ಲಿ ಎಲ್ಲರ ಬಾಯಲ್ಲಿಯೂ ಇರುವದು ಸಹಜವೇ. ಆದರೆ ಸೇವೆಯ ಲೆಕ್ಕವನ್ನು ತೆಗೆಯುವಾಗ ಸೇವೆ ಮಾಡಿದವನ ಲೆಕ್ಕವು ಮರೆತುಹೋಗುವದುಂಟು. ಪರರಿಗಾಗಿ ದುಡಿದು ದುಡಿದು ಒಳಗೆಲ್ಲ ಬತ್ತಿಹೋದವನೊಬ್ಬನು. ಪರರ ಸೇವೆಯ ನೆವದಿಂದ ತನ್ನನ್ನೇ ದೊಡ್ಡವನನ್ನಾಗಿ ಮಾಡಿಕೊಂಡವನೊಬ್ಬನು. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ತೆರನಾಗಿ ಕಾಣುವರು. ಇವರಲ್ಲಿ ಮೊದಲನೆಯವನು ತನ್ನನ್ನು ಪ್ರೀತಿಸಲಿಲ್ಲವೋ? ಎರಡನೆಯವನು ತನ್ನನ್ನು ಅತಿಯಾಗಿ ಪ್ರೀತಿಸಿದನೋ? ಅಥವಾ ಇಬ್ಬರೂ ತಮ್ಮನ್ನು ಪ್ರೀತಿಸುವ ಬಗೆಯನ್ನೇ ಅರಿಯದವರೋ?

ಈ ಪ್ರಶ್ನೆಯನ್ನು ಕ್ರೈಸ್ತಮತದ ಆಚಾರ್ಯರು ಸಾವಿರದಾರುನೂರು ವರ್ಷಗಳಿಂದ ಬಿಡದೆ ವಿಚಾರಿಸುತ್ತ ಬಂದಿರುವರು. ಅವರೊಳಗೆಯೇ ಈ ವಿಷಯದಲ್ಲಿ ಒಮ್ಮತವಿಲ್ಲ. ಆದುದರಿಂದಲೇ ಅವರ ವಿಚಾರವು ಕೇಳತಕ್ಕದ್ದಾಗಿರುವದು. ಪರಮತವನ್ನು ಖಂಡಿಸುವ ಉದ್ದೇಶವು ಈ ಉಪನ್ಯಾಸಕ್ಕಿಲ್ಲ. ಅದನ್ನು ಸ್ವಮತದೊಡನೆ ಬೆರಸಿ ಎಲ್ಲವೂ ಒಂದೇ ಎಂದು ಹೇಳುವ ಉದ್ದೇಶವೂ ಇಲ್ಲ. ಪಾಠಶಾಲೆಗಳಲ್ಲಿ ಒಂದು ವಾಕ್ಯದ ಅರ್ಥವನ್ನು ನಿರ್ಣಯಿಸುವಾಗ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಕ್ರಮವುಂಟಷ್ಟೆ. ಆ ಕ್ರಮದಿಂದಲೇ ಇಲ್ಲಿ ವಿಚಾರವು ನಡೆಯುವದು.

ವಿಷಯವಾಕ್ಯವು ಪುಟ್ಟದು. ನೆರೆಯವನನ್ನು ತನ್ನಂತೆ ಪ್ರೀತಿಸಬೇಕೆಂಬದೇ ಅದರ ತಾತ್ಪರ್ಯ. ಇದು ಮೊದಲು ಯೆಹೂದ್ಯರ ಧರ್ಮಶಾಸ್ತ್ರದಲ್ಲಿ, ಯಾಜಕಕಾಂಡವೆಂಬ ಭಾಗದ ೧೯ನೆಯ ಅಧ್ಯಾಯದಲ್ಲಿ ಬಂದಿರುವದು. ಅದೇ ಅಧ್ಯಾಯದಲ್ಲಿ ಇದರ ಹಿಂದೆಮುಂದೆ ಇರುವ ವಿಧಿಗಳನ್ನು ನೋಡಿದರೆ ಪ್ರೀತಿಯೆಂಬ ಶಬ್ದಕ್ಕೆ ಅಲ್ಲಿ ಯಾವ ಅರ್ಥವಿದೆಯೆಂಬದು ತಿಳಿಯುವದು. ಬೆಳೆ ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ತಡೆಹಿಡಿಯಬಾರದು, ಕಿವುಡನನ್ನು ಶಪಿಸಬಾರದು, ಕುರುಡನ ಹಾದಿಯಲ್ಲಿ ಎಡವುಗಲ್ಲನ್ನು ಇಡಬಾರದು, ತೂಕದ ಕಲ್ಲುಗಳೂ ಅಳತೆಯ ಪಾತ್ರೆಗಳೂ ನ್ಯಾಯವಾಗಿರಬೇಕು. ಇಲ್ಲಿ ಪ್ರೀತಿಯು ಮನಸ್ಸಿನ ಉಕ್ಕು ಮಾತ್ರವಲ್ಲ; ಹೊಲ, ಕೂಲಿ, ತಕ್ಕಡಿಗಳವರೆಗೆ ಇಳಿದುಬಂದ ನಡತೆಯು. ಅಲ್ಲದೆ ಅದೇ ಅಧ್ಯಾಯವು ಪರದೇಶಿಯನ್ನೂ ತನ್ನಂತೆಯೇ ಪ್ರೀತಿಸಬೇಕೆಂದು ವಿಧಿಸಿ, ಅದಕ್ಕೆ ಹೇತುವನ್ನೂ ಹೇಳುವದು: ಇಸ್ರಾಯೇಲರು ತಾವೂ ಒಮ್ಮೆ ಐಗುಪ್ತದೇಶದಲ್ಲಿ ಪರದೇಶಿಗಳಾಗಿದ್ದವರು. ತಾನು ಏನಾಗಿದ್ದೆನೆಂಬ ನೆನಪಿನಿಂದಲೇ ಪರರ ಪ್ರೀತಿಯು ಹುಟ್ಟಬೇಕೆಂಬ ಭಾವವು ಇಲ್ಲಿ ಆಗಲೇ ಮೊಳೆತಿರುವದು.

ಯೇಸುವು ಮಾಡಿದ್ದೇನೆಂದರೆ, ಈ ವಾಕ್ಯವನ್ನು ದೇವರನ್ನು ಸರ್ವಭಾವದಿಂದ ಪ್ರೀತಿಸಬೇಕೆಂಬ ಇನ್ನೊಂದು ವಾಕ್ಯದ ಜೊತೆಗಿರಿಸಿ, ಇವೆರಡಕ್ಕಿಂತ ಹೆಚ್ಚಿನ ಆಜ್ಞೆಯಿಲ್ಲವೆಂದು ಶಾಸ್ತ್ರಿಯೊಬ್ಬನಿಗೆ ಉತ್ತರವಿತ್ತದ್ದು. ಇದು ಮಾರ್ಕನ ಸುವಾರ್ತೆಯ ೧೨ನೆಯ ಅಧ್ಯಾಯದಲ್ಲಿರುವದು. ಲೂಕನ ಸುವಾರ್ತೆಯ ೧೦ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರಜ್ಞನೊಬ್ಬನು, ನೆರೆಯವನೆಂದರೆ ಯಾರೆಂದು ಕೇಳುವನು. ಅದಕ್ಕೆ ಲಕ್ಷಣವನ್ನು ಹೇಳದೆ ಯೇಸುವು ಕಥೆಯನ್ನು ಹೇಳಿದನು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರಿಂದ ಹೊಡೆಸಿಕೊಂಡು ಅರೆಜೀವವಾಗಿ ಬಿದ್ದವನನ್ನು ಕಂಡು ಯಾಜಕನೊಬ್ಬನು ಮಗ್ಗುಲಾಗಿ ಹೋದನು. ಲೇವಿಯನೊಬ್ಬನೂ ಹಾಗೆಯೇ ಹೋದನು. ಯೆಹೂದ್ಯರು ಬಳಕೆ ಮಾಡದ ಸಮಾರ್ಯದವನೊಬ್ಬನು ಮಾತ್ರ ಕನಿಕರಪಟ್ಟು, ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ತನ್ನ ಪಶುವಿನ ಮೇಲೆ ಏರಿಸಿ ಛತ್ರಕ್ಕೆ ಕರೆದೊಯ್ದನು. ಮರುದಿನ ಛತ್ರದವನಿಗೆ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು, ಹೆಚ್ಚು ವೆಚ್ಚವಾದರೆ ತಿರುಗಿ ಬಂದಾಗ ತೀರಿಸುವೆನೆಂದನು.

ಕಥೆ ಮುಗಿದ ಮೇಲೆ ಯೇಸುವು ಪ್ರಶ್ನೆಯನ್ನೇ ತಿರುಗಿಸಿದನು. ಬಿದ್ದವನಿಗೆ ಈ ಮೂವರಲ್ಲಿ ನೆರೆಯವನಾದವನು ಯಾರೆಂದು ಶಾಸ್ತ್ರಜ್ಞನನ್ನೇ ಕೇಳಿದನು. ಈ ತಿರುವು ಸೂಕ್ಷ್ಮವಾದದ್ದು. ನೆರೆಯವನು ಯಾರೆಂದು ಹುಡುಕುವವನು ತಾನು ನಡುವೆ ನಿಂತು ಸುತ್ತಲೂ ಗೆರೆಯೆಳೆಯುವನು. ಗೆರೆಯ ಒಳಗಿನವನು ನೆರೆಯವನು, ಹೊರಗಿನವನು ಅಲ್ಲ. ನೆರೆಯವನಾಗುವವನಾದರೋ ಬಿದ್ದವನನ್ನು ನಡುವೆ ಇರಿಸಿ, ತಾನು ಅವನ ಬಳಿಗೆ ಹೋಗಿ ನಿಲ್ಲುವನು. ಸಮಾರ್ಯದವನೆಂಬ ಹೆಸರು ಕೇಳಿದವರ ಕಿವಿಯಲ್ಲಿ ನಿಂದೆಯಂತಿದ್ದಿತು. ಆ ರಾತ್ರಿಯ ಕೆಲಸದಿಂದ ಅವನಿಗೆ ಬೇರೊಂದು ಹೆಸರು ಬಂದಿತು. ಕುಲದಿಂದ ಬಂದ ಹೆಸರೊಂದು, ಮಾಡಿದ ಕಾರ್ಯದಿಂದ ದೊರೆತ ಸ್ವರೂಪವೊಂದು. ತಾನು ಯಾರೆಂಬ ಪ್ರಶ್ನೆಗೂ ನೆರೆಯವನು ಯಾರೆಂಬ ಪ್ರಶ್ನೆಗೂ ಇರುವ ನಂಟು ಈ ಕಥೆಯಲ್ಲಿಯೇ ತೋರಿಬರುವದು.

ಇನ್ನು ಸಂಶಯವು. ವಾಕ್ಯದಲ್ಲಿ ತನ್ನಂತೆ ಎಂಬ ಪದವಿದೆಯಷ್ಟೆ. ತನ್ನನ್ನು ಪ್ರೀತಿಸುವದು ಇಲ್ಲಿ ವಿಹಿತವೋ, ನಿಷಿದ್ಧವೋ, ಅಥವಾ ಬರಿಯ ಅಳತೆಗೋಲೋ? ಏಕೆಂದರೆ ಅದೇ ಸುವಾರ್ತೆಗಳಲ್ಲಿ ಶಿಷ್ಯನಾಗಬೇಕೆನ್ನುವವನು ತನ್ನನ್ನು ನಿರಾಕರಿಸಬೇಕೆಂದೂ, ತನ್ನ ಪ್ರಾಣವನ್ನು ಸಹ ದ್ವೇಷಿಸಬೇಕೆಂದೂ ಅರ್ಥ ಬರುವ ಮಾತುಗಳಿವೆ. ದ್ವೇಷಿಸತಕ್ಕದ್ದು ಪ್ರೀತಿಗೆ ಅಳತೆಯಾಗುವದು ಹೇಗೆ?

ಪೂರ್ವಪಕ್ಷದವರು ಹೇಳುವದು ಹೀಗೆ: ಆತ್ಮಪ್ರೀತಿಯೇ ಪಾಪದ ಬೇರು; ಅದನ್ನು ಕಿತ್ತ ಹೊರತು ಪರಪ್ರೀತಿಯು ಹುಟ್ಟಲಾರದು. ಈ ಪಕ್ಷಕ್ಕೆ ದೊಡ್ಡವರ ಆಧಾರವುಂಟು. ೪೧೦ರಲ್ಲಿ ಗಾಥರು ರೋಮ್ ನಗರವನ್ನು ಸೂರೆಮಾಡಿದ ಬಳಿಕ, ಉತ್ತರ ಆಫ್ರಿಕದ ಹಿಪ್ಪೋ ಎಂಬ ಊರಿನ ಬಿಷಪ್ಪನಾಗಿದ್ದ ಅಗಸ್ಟೀನನು ದೇವನಗರವೆಂಬ ಮಹಾಗ್ರಂಥವನ್ನು ೪೧೩ರಿಂದ ೪೨೬ರವರೆಗೆ ಬರೆದನು. ದೇವರನ್ನು ಕಡೆಗಣಿಸುವಷ್ಟು ಬೆಳೆದ ಆತ್ಮಪ್ರೀತಿಯು ಒಂದು ನಗರವನ್ನೂ, ತನ್ನನ್ನು ಕಡೆಗಣಿಸುವಷ್ಟು ಬೆಳೆದ ದೇವಪ್ರೀತಿಯು ಇನ್ನೊಂದು ನಗರವನ್ನೂ ಕಟ್ಟಿದವೆಂಬದು ಆ ಗ್ರಂಥದ ಒಂದು ಮುಖ್ಯ ಸಿದ್ಧಾಂತ. ಮಾರ್ಟಿನ್ ಲೂಥರನು ೧೫೧೫-೧೬ರಲ್ಲಿ ಪೌಲನ ರೋಮಾಪುರದವರ ಪತ್ರಿಕೆಯನ್ನು ಕುರಿತು ಪಾಠ ಹೇಳುವಾಗ, ಮನುಷ್ಯನು ತನ್ನೊಳಕ್ಕೇ ಬಾಗಿಕೊಂಡಿರುವನೆಂದೂ, ದೇವರ ವಿಷಯದಲ್ಲಿಯೂ ಅವನು ತನ್ನ ಲಾಭವನ್ನೇ ಅರಸುವನೆಂದೂ ವಿವರಿಸಿದನು. ಕಾಲ್ವಿನನು, ಈ ಆಜ್ಞೆಯಲ್ಲಿ ಆತ್ಮಪ್ರೀತಿಗೆ ಮೊದಲ ಸ್ಥಾನವಿದೆ ಎನ್ನುವವರನ್ನು ಬಲವಾಗಿ ಅಲ್ಲಗಳೆದನು. ಸ್ವೀಡನ್ ದೇಶದ ಆಂಡರ್ಸ್ ನೈಗ್ರೆನನು ೧೯೩೦ ಮತ್ತು ೧೯೩೬ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಗ್ರಂಥದಲ್ಲಿ, ಪಡೆಯಬೇಕೆಂಬ ಪ್ರೀತಿ ಬೇರೆ, ಕಾರಣವಿಲ್ಲದೆ ಹರಿಯುವ ಪ್ರೀತಿ ಬೇರೆ. ಎರಡನೆಯದರಲ್ಲಿ ಆತ್ಮಪ್ರೀತಿಗೆ ಎಡೆಯೇ ಇಲ್ಲವೆಂದು ವಾದಿಸಿದನು.

ಇದಕ್ಕೆ ಎದುರು ಪಕ್ಷವೂ ಉಂಟು. ಸೋಜಿಗವೆಂದರೆ ಅದಕ್ಕೂ ಅದೇ ಅಗಸ್ಟೀನನೇ ಆಧಾರ. ಅವನು ಇನ್ನೊಂದು ಗ್ರಂಥದಲ್ಲಿ, ತನ್ನನ್ನೂ ತನ್ನ ದೇಹವನ್ನೂ ಪ್ರೀತಿಸಬೇಕೆಂದು ಯಾರಿಗೂ ಆಜ್ಞಾಪಿಸಬೇಕಾಗಿಲ್ಲ, ಅದು ಪ್ರಕೃತಿಯಿಂದಲೇ ಬಂದಿರುವದೆಂದು ಹೇಳಿರುವನು. ಮೀಮಾಂಸೆಯನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಬೇರಾವ ರೀತಿಯಿಂದಲೂ ಪ್ರಾಪ್ತವಾಗದುದನ್ನು ಹೇಳುವ ವಾಕ್ಯವೇ ವಿಧಿ. ಈಗಾಗಲೇ ಪ್ರಾಪ್ತವಾದುದನ್ನು ಹೇಳಿದರೆ ಅದು ಅನುವಾದ. ಹಸಿದವನಿಗೆ ಉಣ್ಣೆಂದು ಶಾಸ್ತ್ರವು ವಿಧಿಸಬೇಕಾಗಿಲ್ಲ, ಊಟವು ರಾಗಪ್ರಾಪ್ತವು. ಹಾಗೆಯೇ ಆತ್ಮಪ್ರೀತಿಯೂ ರಾಗಪ್ರಾಪ್ತವೆಂದು ಅಗಸ್ಟೀನನ ಅಭಿಪ್ರಾಯ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರರೊಡನೆ ಇರುವದು ಕೂಟ, ತನ್ನೊಡನೆ ಇರುವದು ಏಕತ್ವ. ಕೂಟಕ್ಕೆ ಏಕತ್ವವೇ ಮೂಲವಾದುದರಿಂದ, ಆತ್ಮದ ಶ್ರೇಯಸ್ಸಿನ ವಿಷಯದಲ್ಲಿ ತನ್ನ ಮೇಲಿನ ಪ್ರೀತಿಯೇ ಮೊದಲನೆಯದೆಂದು ನಿರ್ಣಯಿಸಿದನು. ಆದರೆ ತನ್ನ ದೇಹಕ್ಕಿಂತ ನೆರೆಯವನ ಆತ್ಮಶ್ರೇಯಸ್ಸನ್ನು ಹೆಚ್ಚಾಗಿ ಪ್ರೀತಿಸಬೇಕೆಂದೂ ಅವನೇ ಹೇಳಿರುವನು.

ಎರಡೂ ಪಕ್ಷಗಳು ಒಂದನ್ನು ಸಿದ್ಧವೆಂದು ಹಿಡಿದಿರುವವು: ತಾನು ಎಂಬದು ಏನೆಂದು ಎಲ್ಲರಿಗೂ ಗೊತ್ತೆಂಬದು. ಅದು ಗೊತ್ತೇ? ಇಲ್ಲಿ ಅಗಸ್ಟೀನನ ಗ್ರಂಥಗಳಿಗಿಂತ ಅವನ ಜೀವನವು ಹೆಚ್ಚಿನದನ್ನು ಹೇಳುವದು.

ಅಗಸ್ಟೀನನು ೩೫೪ರಲ್ಲಿ ಈಗಿನ ಅಲ್ಜೀರಿಯ ದೇಶದ ತಗಾಸ್ತೆ ಎಂಬ ಊರಿನಲ್ಲಿ ಹುಟ್ಟಿದವನು. ತಾರುಣ್ಯದಲ್ಲಿ ಅದೇ ಊರಿನಲ್ಲಿ ಪಾಠ ಹೇಳಿಕೊಂಡಿದ್ದಾಗ ಅವನಿಗೆ ಒಬ್ಬ ಆಪ್ತಮಿತ್ರನಿದ್ದನು. ಇಬ್ಬರೂ ಒಂದೇ ವಯಸ್ಸಿನವರು, ಒಟ್ಟಿಗೆ ಆಡಿ ಓದಿದವರು. ಆ ಮಿತ್ರನ ಹೆಸರನ್ನು ಅಗಸ್ಟೀನನು ಎಲ್ಲಿಯೂ ಬರೆದಿಲ್ಲ. ಆಗ ಅಗಸ್ಟೀನನು ಮಾನಿಯ ಮತವನ್ನು ಹಿಡಿದಿದ್ದು ಮಿತ್ರನನ್ನೂ ಅದಕ್ಕೆ ಎಳೆದಿದ್ದನು. ಮಿತ್ರನಿಗೆ ಕಡುಜ್ವರ ಬಂದು ಎಚ್ಚರತಪ್ಪಿದಾಗ ಮನೆಯವರು ಅವನಿಗೆ ದೀಕ್ಷಾಸ್ನಾನವನ್ನು ಮಾಡಿಸಿದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅಗಸ್ಟೀನನು ಆ ಸ್ನಾನದ ವಿಷಯವಾಗಿ ಹಾಸ್ಯವಾಡಿದನು. ಮಿತ್ರನೂ ಕೂಡಿ ನಗುವನೆಂದು ಅವನ ಎಣಿಕೆ. ಆದರೆ ಮಿತ್ರನು ವೈರಿಯನ್ನು ಕಂಡಂತೆ ಬೆಚ್ಚಿ, ಸ್ನೇಹ ಬೇಕಾದರೆ ಇಂಥ ಮಾತನ್ನು ಬಿಡಬೇಕೆಂದು ಖಂಡಿತವಾಗಿ ಹೇಳಿದನು. ಪೂರ್ತಿ ಗುಣವಾದ ಮೇಲೆ ಅವನನ್ನು ತಿದ್ದಿದರಾಯಿತೆಂದು ಅಗಸ್ಟೀನನು ಸುಮ್ಮನಾದನು. ಕೆಲವು ದಿನಗಳಲ್ಲಿ, ಅಗಸ್ಟೀನನು ಬಳಿಯಲ್ಲಿಲ್ಲದಾಗ, ಜ್ವರವು ಮರುಕಳಿಸಿ ಮಿತ್ರನು ತೀರಿಕೊಂಡನು.

ಅನಂತರ ಹುಟ್ಟೂರೇ ಅವನಿಗೆ ಹಿಂಸೆಯಾಯಿತು, ತಂದೆಯ ಮನೆಯೇ ಬೇಡವಾಯಿತು. ತನಗೆ ತಾನೇ ದೊಡ್ಡದೊಂದು ಸಮಸ್ಯೆಯಾದೆನೆಂದೂ, ಮನಸ್ಸನ್ನು ಕೇಳಿದರೆ ಉತ್ತರವಿಲ್ಲವೆಂದೂ ಅವನು ಇಪ್ಪತ್ತು ವರ್ಷಗಳ ಮೇಲೆ ಆತ್ಮನಿವೇದನೆಯೆಂಬ ಗ್ರಂಥದಲ್ಲಿ ಒಪ್ಪಿಕೊಂಡಿರುವನು. ದುಃಖವನ್ನು ತಾಳಲಾರದೆ ಊರು ಬಿಟ್ಟು ಕಾರ್ಥೇಜಿಗೆ ಹೋದನು. ಹಿಂದಿರುಗಿ ನೋಡಿ ಅವನು ಕಂಡುಕೊಂಡದ್ದು, ಸಾಯತಕ್ಕವನನ್ನು ಸಾಯದವನೆಂಬಂತೆ ಪ್ರೀತಿಸಿದ್ದೇ ತನ್ನ ದುಃಖದ ಮೂಲವೆಂಬದು.

ಈ ಪ್ರಸಂಗವನ್ನು ಬಿಡಿಸಿ ನೋಡಿದರೆ ತಿಳಿಯುವದೇನೆಂದರೆ, ಆ ಸ್ನೇಹದಲ್ಲಿ ಅಗಸ್ಟೀನನು ಮಿತ್ರನ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದನು. ಮಿತ್ರನು ತಾನು ನಕ್ಕಾಗ ನಗಬೇಕು, ತಾನು ನಂಬಿದ್ದನ್ನು ನಂಬಬೇಕು. ಜ್ವರದ ಹಾಸಿಗೆಯಲ್ಲಿ ಅವನು ಮೊಟ್ಟಮೊದಲು ಬೇರೊಬ್ಬ ಮನುಷ್ಯನಾಗಿ ಎದುರು ಮಾತಾಡಿದಾಗಲೂ, ಅಗಸ್ಟೀನನು ಅವನ ಮಾತನ್ನು ಕೇಳದೆ, ಮತ್ತೆ ತನ್ನಂತೆ ಮಾಡಿಕೊಳ್ಳುವ ದಿನವನ್ನು ಕಾದನು. ಕನ್ನಡಿಯು ಒಡೆದೊಡನೆ ಮುಖವೂ ಕಾಣದಾಯಿತು. ಪರರನ್ನು ತನ್ನಂತೆ ಪ್ರೀತಿಸುವದೆಂದರೆ ಪರರನ್ನು ತನ್ನ ಪ್ರತಿಬಿಂಬವಾಗಿ ಪ್ರೀತಿಸುವದೆಂದು ತಿಳಿದರೆ ಇದೇ ಗತಿ. ತಾನು ಎಂಬದಕ್ಕೆ ಮಿತ್ರನೂ ಸಾಕಾಗುವ ನೆಲೆಯಲ್ಲ, ತಾನೇ ತನಗೆ ನೆಲೆಯೂ ಅಲ್ಲ. ತನ್ನ ಅಂತರಂಗಕ್ಕಿಂತಲೂ ಒಳಗೆ ಇರುವ ದೇವರಲ್ಲಿಯೇ ಅದರ ನೆಲೆಯಿದೆಯೆಂಬದು ೩೮೭ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದ ಅಗಸ್ಟೀನನು ಮುಟ್ಟಿದ ಕೊನೆಯ ನಿರ್ಣಯ.

ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಕ್ಲೇರ್ವೋ ಮಠದ ಒಡೆಯನಾಗಿದ್ದ ಬರ್ನಾರ್ಡನು ಇದಕ್ಕೆ ಮೆಟ್ಟಿಲುಗಳನ್ನು ಕಟ್ಟಿದನು. ಅವನು ೧೦೯೦ರಲ್ಲಿ ಹುಟ್ಟಿ ೧೧೧೫ರಲ್ಲಿ ಆ ಮಠವನ್ನು ಸ್ಥಾಪಿಸಿ ೧೧೫೩ರಲ್ಲಿ ತೀರಿಕೊಂಡವನು. ಪ್ರೀತಿಗೆ ನಾಲ್ಕು ಮೆಟ್ಟಿಲುಗಳೆಂದು ಅವನ ಉಪದೇಶ. ಮೊದಲು ಮನುಷ್ಯನು ತನ್ನನ್ನು ತನಗಾಗಿ ಪ್ರೀತಿಸುವನು. ಕಷ್ಟಗಳಲ್ಲಿ ದೇವರ ನೆರವು ಬೇಕಾಗಿ ಎರಡನೆಯದಾಗಿ ದೇವರನ್ನು ತನಗಾಗಿ ಪ್ರೀತಿಸುವನು. ಆ ಬಳಕೆಯಿಂದ ದೇವರ ಸವಿಯು ತಿಳಿದು ಮೂರನೆಯದಾಗಿ ದೇವರನ್ನು ದೇವರಿಗಾಗಿಯೇ ಪ್ರೀತಿಸುವನು. ಕೇಳುವವರು ಇಲ್ಲಿಗೇ ಮುಗಿಯಿತೆಂದುಕೊಳ್ಳುವರು. ಆದರೆ ಬರ್ನಾರ್ಡನು ಇದರ ಮೇಲೆ ಇನ್ನೊಂದು ಮೆಟ್ಟಿಲನ್ನು ಇರಿಸಿರುವನು. ನಾಲ್ಕನೆಯದರಲ್ಲಿ ಮನುಷ್ಯನು ತನ್ನನ್ನೇ ದೇವರಿಗಾಗಿ ಪ್ರೀತಿಸುವನು. ಹೊರಟಲ್ಲಿಗೇ ತಿರುಗಿ ಬಂದಂತಾಯಿತು; ಆದರೆ ಬಂದವನು ಹೊರಟವನಲ್ಲ. ತನ್ನನ್ನು ಪ್ರೀತಿಸುವದು ಎಲ್ಲಕ್ಕಿಂತ ಸುಲಭವೆಂದು ಲೋಕವು ಎಣಿಸಿರುವಾಗ, ಸರಿಯಾಗಿ ತನ್ನನ್ನು ಪ್ರೀತಿಸುವದೇ ಎಲ್ಲಕ್ಕಿಂತ ದುರ್ಲಭವೆಂದೂ, ಈ ಜನ್ಮದಲ್ಲಿ ಅದನ್ನು ಪೂರ್ಣವಾಗಿ ಪಡೆದವರುಂಟೋ ಇಲ್ಲವೋ ತಿಳಿಯದೆಂದೂ ಅವನು ಬರೆದಿರುವನು.

ಈ ಉಪದೇಶವು ಬರಿಯ ವೇದಾಂತವಾಗಿ ಉಳಿಯಲಿಲ್ಲ. ಬರ್ನಾರ್ಡನ ಮಠದಲ್ಲಿಯೇ ಸನ್ಯಾಸಿಯಾಗಿದ್ದವನೊಬ್ಬನು ೧೧೪೫ರಲ್ಲಿ ಮೂರನೆಯ ಯುಜೀನಿಯಸನೆಂಬ ಹೆಸರಿನಿಂದ ರೋಮಿನ ಪೋಪನಾದನು. ಬೆಳಗಿನಿಂದ ಸಂಜೆಯವರೆಗೆ ವ್ಯಾಜ್ಯಗಳನ್ನು ಕೇಳುವದು, ದೂರುಗಳನ್ನು ತೀರಿಸುವದು, ಬಂದವರಿಗೆಲ್ಲ ಮುಖ ತೋರಿಸುವದು ಅವನ ಕೆಲಸವಾಯಿತು. ಹಳೆಯ ಶಿಷ್ಯನಿಗೆ ಗುರುವು ಐದು ಭಾಗಗಳುಳ್ಳ ಗ್ರಂಥವೊಂದನ್ನು ಬರೆದು ಕಳುಹಿಸಿದನು. ಹೆಚ್ಚು ದುಡಿಯೆಂದು ಅದರಲ್ಲಿ ಹೇಳಲಿಲ್ಲ. ಇಷ್ಟೊಂದು ಕಾರ್ಯಭಾರವು ಹೃದಯವನ್ನು ಕಲ್ಲು ಮಾಡುವದೆಂದು ಎಚ್ಚರಿಸಿದನು. ಎಲ್ಲರಿಗೂ ಸೇರಿದವನು ತನಗೆ ಮಾತ್ರ ಸೇರದೆ ಹೋಗುವದು ಯಾವ ನ್ಯಾಯ? ಎಲ್ಲರೂ ನೀರು ಕುಡಿಯುವ ಬಾವಿಯಿಂದ ಅದರ ಒಡೆಯನೂ ಕುಡಿಯಬೇಕೆಂಬದು ಆ ಉಪದೇಶದ ಸಾರ. ಸೇವಾಧರ್ಮದ ಸಂಸ್ಥೆಗಳನ್ನು ನಡೆಸುವವರು ಯಾವ ದೇಶದವರಾದರೂ ಈ ಮಾತನ್ನು ಮನನಮಾಡತಕ್ಕದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಡೆನ್ಮಾರ್ಕ್ ದೇಶದ ಸೋರೆನ್ ಕಿಯರ್ಕೆಗಾರ್ಡನು ವಾಕ್ಯದ ಅರ್ಥವನ್ನೇ ಮತ್ತೆ ಕೈಗೆತ್ತಿಕೊಂಡನು. ೧೮೪೭ರಲ್ಲಿ ಪ್ರಕಟವಾದ ಪ್ರೀತಿಯ ಕಾರ್ಯಗಳನ್ನು ಕುರಿತ ಗ್ರಂಥದಲ್ಲಿ ಅವನು ತನ್ನಂತೆ ಎಂಬ ಪದಕ್ಕೆ ಎರಡು ಕೆಲಸಗಳನ್ನು ಹೇಳಿರುವನು. ಸ್ವಾರ್ಥಿಯ ಬೀಗವನ್ನು ತೆರೆದು, ಅವನು ತನಗಾಗಿ ಇಟ್ಟುಕೊಂಡುದನ್ನು ನೆರೆಯವನಿಗೂ ದೊರಕಿಸುವದು ಒಂದು. ತನ್ನನ್ನು ಪ್ರೀತಿಸಲರಿಯದವನಿಗೆ ಪ್ರೀತಿಸುವ ಬಗೆಯನ್ನು ಕಲಿಸುವದು ಇನ್ನೊಂದು. ಹುರುಳಿಲ್ಲದ ಗಡಿಬಿಡಿಯಲ್ಲಿ ಬಾಳನ್ನು ಸವೆಸುವವನು, ಹುಡುಗಾಟಿಕೆಯಿಂದ ತನ್ನನ್ನು ಚೆಲ್ಲಾಡುವವನು, ಬೇಸತ್ತು ಜೀವವನ್ನೇ ಬಿಡಬೇಕೆನ್ನುವವನು, ದೇವರ ಸೇವೆಯೆಂದು ತನ್ನನ್ನು ಹಿಂಸಿಸಿಕೊಳ್ಳುವವನು, ಇವರೆಲ್ಲರ ಕೊರತೆಯೂ ಸರಿಯಾದ ಆತ್ಮಪ್ರೀತಿಯ ಕೊರತೆಯೇ ಎಂದು ಅವನು ತೋರಿಸಿದನು. ಎರಡು ವರ್ಷಗಳ ಮೇಲೆ ೧೮೪೯ರಲ್ಲಿ ಬರೆದ ಇನ್ನೊಂದು ಗ್ರಂಥದಲ್ಲಿ, ತಾನು ಎಂಬದು ಒಂದು ವಸ್ತುವಲ್ಲ, ತನ್ನೊಡನೆ ತಾನು ಹೊಂದಿರುವ ಸಂಬಂಧವೆಂದೂ, ಆ ಸಂಬಂಧವನ್ನು ಇರಿಸಿದವನು ಬೇರೊಬ್ಬನೆಂದೂ ವಿವರಿಸಿದನು. ಇರಿಸಿದವನನ್ನು ಮರೆತವನಿಗೆ ಎರಡು ಬಗೆಯ ಹತಾಶೆಗಳು ಬರುವವು: ತಾನಾಗಿರಲು ಒಲ್ಲದಿರುವದು, ಅಥವಾ ಹಟದಿಂದ ತಾನೇ ತಾನಾಗಿರುವದು. ಪ್ರಾರಂಭದಲ್ಲಿ ಹೇಳಿದ ಇಬ್ಬರು ಸೇವಕರು ಇಲ್ಲಿ ಮತ್ತೆ ಕಾಣುವರು. ಬತ್ತಿಹೋದವನು ತಾನಾಗಿರಲು ಒಲ್ಲದೆ ಸೇವೆಯಲ್ಲಿ ಅಡಗಿಕೊಂಡವನು. ಉಬ್ಬಿದವನು ಸೇವೆಯಿಂದ ತನ್ನನ್ನು ಕಟ್ಟಿಕೊಂಡವನು.

ಇಷ್ಟಾದರೂ ಒಂದು ಆಕ್ಷೇಪವು ಉಳಿದಿತ್ತು. ಅದನ್ನು ೧೯೬೦ರಲ್ಲಿ ಅಮೇರಿಕದ ವ್ಯಾಲರಿ ಸೇವಿಂಗ್ ಎಂಬ ವಿದುಷಿಯು ಒಂದು ಲೇಖನದಲ್ಲಿ ಎತ್ತಿದಳು. ಪಾಪವೆಂದರೆ ಗರ್ವ, ಪುಣ್ಯವೆಂದರೆ ತನ್ನನ್ನು ತೊರೆಯುವದು ಎಂದು ಹೇಳಿದ ಆಚಾರ್ಯರೆಲ್ಲ ಪುರುಷರು. ಅವರು ತಮ್ಮ ರೋಗವನ್ನು ಎಲ್ಲರ ರೋಗವೆಂದು ತಿಳಿದರು. ಹೆಂಗಸಿಗೆ ಬರುವ ಕೇಡು ಅನೇಕವೇಳೆ ಇದಕ್ಕೆ ವಿರುದ್ಧವಾದದ್ದು. ಕ್ಷಣಕ್ಷಣಕ್ಕೂ ಪರರ ಬೇಡಿಕೆಗಳಿಗೆ ಹಂಚಿಹೋಗಿ, ತಾನು ಎಂಬ ತಿರುಳೇ ಇಲ್ಲದಂತಾಗುವದು ಅವಳ ಅಪಾಯವೆಂದು ಆಕೆಯ ವಾದ. ಈ ಆಕ್ಷೇಪವು ಬಲವಾದದ್ದು. ಉಬ್ಬಿದವನಿಗೆ ಕೊಡುವ ಔಷಧವನ್ನು ಬತ್ತಿದವಳಿಗೆ ಕುಡಿಸಿದರೆ ರೋಗವು ಹೆಚ್ಚುವದೇ ಹೊರತು ಕಡಮೆಯಾಗದು. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ತಾಯಿಗೆ, ನಿನ್ನನ್ನು ತೊರೆ ಎಂದು ಉಪದೇಶಿಸುವವನು ಧರ್ಮವನ್ನು ಹೇಳಿದಂತಾಗುವದಿಲ್ಲ.

ಹಾಗಾದರೆ ಆತ್ಮತ್ಯಾಗವೆಂಬದು ಇಲ್ಲವೇ ಇಲ್ಲವೇ? ಉಂಟು. ಜರ್ಮನಿಯ ದೀತ್ರಿಚ್ ಬಾನ್‌ಹೋಫರನ ಬಾಳು ಇದಕ್ಕೆ ಸಾಕ್ಷಿ. ೧೯೦೬ರಲ್ಲಿ ಹುಟ್ಟಿದ ಈ ಪಾದ್ರಿಯು ಹಿಟ್ಲರನ ಆಳಿಕೆಯನ್ನು ಎದುರಿಸಿ ನಿಂತವರಲ್ಲೊಬ್ಬನು. ೧೯೩೯ರ ಬೇಸಿಗೆಯಲ್ಲಿ ಅವನು ಅಮೇರಿಕದಲ್ಲಿ ಸುರಕ್ಷಿತನಾಗಿದ್ದನು. ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಮುಂದೆ ಅವರ ಬಾಳನ್ನು ಕಟ್ಟುವ ಅಧಿಕಾರವೂ ಇರಲಾರದೆಂದು ಬಗೆದು, ಕೆಲವೇ ವಾರಗಳಲ್ಲಿ ಜರ್ಮನಿಗೆ ಮರಳಿದನು. ೧೯೪೩ರ ಏಪ್ರಿಲ್ ೫ರಂದು ಅವನನ್ನು ಹಿಡಿದು ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿಟ್ಟರು. ಅಲ್ಲಿ ೧೯೪೪ರಲ್ಲಿ ಅವನು ತಾನು ಯಾರೆಂಬ ಪ್ರಶ್ನೆಯನ್ನು ಕುರಿತು ಪದ್ಯವೊಂದನ್ನು ಬರೆದನು. ಕಾವಲುಗಾರರು ಕಾಣುವ ಧೀರನೊಬ್ಬನು, ತಾನು ಒಳಗೆ ಬಲ್ಲ ಅಂಜುಬುರುಕನೊಬ್ಬನು. ಇವರಲ್ಲಿ ನಿಜವಾದವನು ಯಾರೆಂಬ ಗೊಂದಲವೇ ಆ ಪದ್ಯದ ವಸ್ತು. ಅದನ್ನು ಅವನು ಬಿಡಿಸಲು ಹೋಗಲಿಲ್ಲ. ತಾನು ಯಾರಾದರೂ ಆಗಿರಲಿ, ದೇವರು ತನ್ನನ್ನು ಬಲ್ಲನು, ತಾನು ಅವನಿಗೆ ಸೇರಿದವನೆಂಬ ನಂಬಿಕೆಯಲ್ಲಿ ಪ್ರಶ್ನೆಯನ್ನು ಒಪ್ಪಿಸಿಬಿಟ್ಟನು. ೧೯೪೫ರ ಏಪ್ರಿಲ್ ೯ರಂದು ಫ್ಲಾಸೆನ್‌ಬರ್ಗಿನ ಬಂದೀಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇವನು ತನ್ನನ್ನು ದ್ವೇಷಿಸಿದವನಲ್ಲ. ಸೆರೆಯಲ್ಲಿಯೂ ಓದಿದನು, ಬರೆದನು, ಮಿತ್ರರಿಗೆ ಕಾಗದಗಳನ್ನು ಕಳುಹಿಸಿದನು. ತನ್ನನ್ನು ಬಿಸುಡುವದು ಬೇರೆ, ತನ್ನನ್ನು ಕೊಡುವದು ಬೇರೆ. ಬೇಡವೆಂದು ಬಿಸುಟುದು ಕೊಡುಗೆಯಾಗಲಾರದು. ಬೆಲೆಯುಳ್ಳದ್ದೆಂದು ತಿಳಿದು ಕೊಟ್ಟದ್ದೇ ಕೊಡುಗೆ.

ಇಲ್ಲಿಗೆ ಸಿದ್ಧಾಂತವನ್ನು ಹೇಳಬಹುದು. ಆತ್ಮಪ್ರೀತಿಯು ಇರುವದೆಂಬ ಅಂಶದಲ್ಲಿ ವಾಕ್ಯವು ಅನುವಾದವೇ. ಆದರೆ ಅದರ ರೀತಿಯ ಅಂಶದಲ್ಲಿ ನಿಯಮವು. ಊಟವು ರಾಗಪ್ರಾಪ್ತವಾದರೂ ಪೂರ್ವಾಭಿಮುಖನಾಗಿ ಉಣ್ಣಬೇಕೆಂಬದು ಹೇಗೆ ನಿಯಮವೋ, ಹಾಗೆಯೇ ತನ್ನನ್ನು ಪ್ರೀತಿಸುವದು ಪ್ರಾಪ್ತವಾದರೂ ಯಾವ ಕಡೆಗೆ ಮುಖ ಮಾಡಿ ಪ್ರೀತಿಸಬೇಕೆಂಬದು ಪ್ರಾಪ್ತವಿಲ್ಲ. ಆ ದಿಕ್ಕನ್ನು ದೇವಪ್ರೀತಿಯ ಮೊದಲನೆಯ ವಾಕ್ಯವು ತೋರಿಸುವದು. ಎರಡು ವಾಕ್ಯಗಳನ್ನು ಕೂಡಿಸಿ ಹೇಳಿದ್ದರ ಪ್ರಯೋಜನವು ಇದೇ. ತನ್ನ ಕಡೆಗೇ ಮುಖಮಾಡಿದ ಪ್ರೀತಿಯನ್ನು ಅಗಸ್ಟೀನನೂ ಲೂಥರನೂ ನಿಂದಿಸಿದರು. ದೇವರ ಕಡೆಗೆ ಮುಖಮಾಡಿ ತನ್ನನ್ನು ಒಪ್ಪಿಕೊಂಡ ಪ್ರೀತಿಯನ್ನು ಬರ್ನಾರ್ಡನೂ ಅಕ್ವಿನಾಸನೂ ವಿಧಿಸಿದರು. ದಿಕ್ಕು ಬೇರೆಯಾದುದರಿಂದ ವಿರೋಧವಿಲ್ಲ. ತಾನು ಎಂಬದು ಗಳಿಸಿದ ಆಸ್ತಿಯಲ್ಲ, ಒಬ್ಬನು ನಂಬಿ ಒಪ್ಪಿಸಿದ ಒಡವೆ. ಹೀಗೆ ತಿಳಿದವನು ಅದನ್ನು ಮೆರೆಸಲಾರನು, ಏಕೆಂದರೆ ಅದು ತನ್ನದಲ್ಲ; ಹಾಳುಮಾಡಲೂ ಆರನು, ಏಕೆಂದರೆ ಅದು ತನ್ನದಲ್ಲ. ನೆರೆಯವನೂ ಅದೇ ಒಡೆಯನ ಒಡವೆಯಾದುದರಿಂದ ತನ್ನಂತೆ ಎಂಬ ಪದವು ಅವನಿಗೂ ಒಪ್ಪುವದು.

ಪ್ರಯೋಜನವು ದಿನದಿನದ ನಡತೆಯಲ್ಲಿ ಕಾಣತಕ್ಕದ್ದು. ಸುವಾರ್ತೆಗಳಲ್ಲಿ ಯೇಸುವು ಜನರ ಗುಂಪನ್ನು ಬಿಟ್ಟು ಏಕಾಂತಕ್ಕೆ ಹೋಗಿ ಪ್ರಾರ್ಥಿಸಿದ್ದುಂಟು. ಬಿರುಗಾಳಿಯ ನಡುವೆ ದೋಣಿಯಲ್ಲಿ ನಿದ್ರೆಮಾಡಿದ್ದುಂಟು. ಬೇಥಾನ್ಯದಲ್ಲಿ ಹೆಂಗಸೊಬ್ಬಳು ಬಹು ಬೆಲೆಯ ಸುಗಂಧತೈಲವನ್ನು ಅವನ ತಲೆಯ ಮೇಲೆ ಹೊಯ್ದಾಗ, ಅದನ್ನು ಮುನ್ನೂರು ನಾಣ್ಯಗಳಿಗಿಂತ ಹೆಚ್ಚಿಗೆ ಮಾರಿ ಬಡವರಿಗೆ ಕೊಡಬಹುದಾಗಿತ್ತೆಂದು ಕೆಲವರು ಸಿಡಿಮಿಡಿಗೊಂಡರು. ಅವನು ಆಕೆಯನ್ನು ತಡೆಯಲಿಲ್ಲ. ಆ ಪ್ರೀತಿಯನ್ನು ಸ್ವೀಕರಿಸಿದನು. ಕೊಡಬಲ್ಲವನು ಕೊಳ್ಳಲೂ ಬಲ್ಲವನಾಗಿರಬೇಕು. ಪರರಿಂದ ಏನನ್ನೂ ಕೊಳ್ಳೆನೆಂಬ ಸೇವಕನು ಪರರನ್ನು ಯಾವಾಗಲೂ ಕೆಳಗೇ ಇರಿಸುವನು.

ದಾಸೋಹದ ಅಡಿಗೆಯವನು ತಾನು ಉಣ್ಣದೆ ಎಷ್ಟು 

ದಿನ ಬಡಿಸಿಯಾನು? ಅವನು ಪಂಕ್ತಿಯನ್ನು ಮರೆತು ತಾನೇ ಉಣ್ಣುತ್ತ ಕುಳಿತರೆ ತಪ್ಪು. ಬಡಿಸುವ ಹೆಮ್ಮೆಯಿಂದ ಉಪವಾಸವಿದ್ದು ಒಲೆಯ ಮುಂದೆ ಬಿದ್ದರೂ ತಪ್ಪು. ಎಲ್ಲರಿಗೂ ಇಕ್ಕಿದ ಅನ್ನವೇ ತನಗೂ ಇಕ್ಕಲ್ಪಟ್ಟಿದೆಯೆಂದು ತಿಳಿದು ಉಣ್ಣುವವನೇ ಮರುದಿನವೂ ಬಡಿಸಬಲ್ಲನು. ಈ ಮಠದ ಸೇವೆಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ಹಿರಿಯರೂ, ಮುಂದೆ ಆ ಭಾರವನ್ನು ಹೊರಲಿರುವ ವಿದ್ಯಾರ್ಥಿಗಳೂ ಅನ್ಯದೇಶದ ಆಚಾರ್ಯರ ಈ ವಿಚಾರವನ್ನು ತಮ್ಮ ತಮ್ಮ ಮನಸ್ಸಿನಲ್ಲಿ ಒರೆಗೆ ಹಚ್ಚಿ ನೋಡಿ, ಕೊಳ್ಳತಕ್ಕದ್ದನ್ನು ಕೊಳ್ಳಲೆಂದು ಹಾರೈಸಿ ಈ ಉಪನ್ಯಾಸವನ್ನು ಮುಗಿಸಲಾಗುವದು.